ಓದಿದಂತೆ ಭಾವಿಸಿ

ಊರುಗಳಿಗೆ ಇನ್ನೂ ಹೆಸರಿಟ್ಟಿರದ ಕಾಲದಲ್ಲಿ ಒಂದು ನಾಡಿತ್ತಂತೆ. ಆ ನಾಡಿನ ಅರಸ ಮಕ್ಕಳಿಲ್ಲದೆ ಸತ್ತನಂತೆ. ಸಿಂಹಾಸನ ಬರಿದಾಗಿರಬಾರದು ಎಂದು ಮಂತ್ರಿಗಳೆಲ್ಲ ಸೇರಿ ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬೀದಿಗೆ ಬಿಟ್ಟರಂತೆ. ಅದು ಯಾರ ಕೊರಳಿಗೆ ಹಾರ ಹಾಕುತ್ತದೋ ಅವರೇ ಅರಸು. ಸೇನಾಪತಿ ಕತ್ತು ಮುಂದೆ ಚಾಚಿ ನಿಂತ. ಶೆಟ್ಟಿ ಕತ್ತಿಗೆ ಗಂಧ ಬಳಿದುಕೊಂಡು ನಿಂತ. ಆನೆ ತಿರುಗಿಯೂ ನೋಡಲಿಲ್ಲ. ಬೀದಿ ದಾಟಿತು, ಅಗಸೆ ದಾಟಿತು, ಊರಾಚೆ ತಿಪ್ಪೆಯ ಪಕ್ಕ ಬೆರಣಿ ತಟ್ಟುತ್ತಿದ್ದ ಒಬ್ಬ ಹೆಂಗಸಿನ ಕೊರಳಿಗೆ ಹಾರ ಹಾಕಿಬಿಟ್ಟಿತಂತೆ. ಅವಳ ಎರಡು ಕೈಯೂ ಸಗಣಿ.

“ಆಮೇಲೆ?” ಎಂದು ಸುಮಿತ್ರಾ ಕೇಳುತ್ತಿದ್ದಳು.

“ಆಮೇಲೇನೈತೆ, ರಾಜ್ಯ ಆಳಿದ್ಲು.”

“ಹೆಂಗೆ ಆಳಿದ್ಲಜ್ಜಿ? ಕೈ ತೊಳ್ಕಂಡ್ಲಾ?”

“ಅದನ್ನ ನಾನೇನು ಹೋಗಿ ನೋಡಿದ್ನೇನೇ? ಹಾರ ಬಿತ್ತು, ಕಥೆ ಮುಗೀತು. ಹೂಂ ಅನ್ನಾದು ಬಿಟ್ಟು ಪ್ರಶ್ನೆ ಕೇಳ್ತಾಳೆ ನೋಡು ಇವ್ಳು.”

ಅಜ್ಜಿ ಏಕಾಂತಮ್ಮ ಹೊಸದುರ್ಗದ ಕಡೆಯವಳು, ಹಾಲುರಾಮೇಶ್ವರದ ಹತ್ತಿರದ ಹಳ್ಳಿ. ಹಗಲಲ್ಲಿ ಕಥೆ ಹೇಳಿದರೆ ಎಲ್ಲೋ ಯಾರೋ ದಾರಿ ತಪ್ಪುತ್ತಾರೆ ಎಂದು ಊರವರು ಬೈದರೂ ಕೇಳದೆ, ಶೇಂಗಾ ಸುಲಿಯುತ್ತ ಮಟಮಟ ಮಧ್ಯಾಹ್ನದಲ್ಲೇ ಹೇಳುತ್ತಿದ್ದಳು. ಅವಳದು ಒಂದೇ ಕರಾರು, ಮಾತು ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಸುಮಿತ್ರಾಳಷ್ಟು ಚೆನ್ನಾಗಿ ಹೂಂಗುಟ್ಟುವವರು ಆ ಕೇರಿಯಲ್ಲೇ ಇರಲಿಲ್ಲ. ಮನಸ್ಸು ಆನೆಯ ಬೆನ್ನ ಮೇಲೆ ಕೂತು ಎಲ್ಲೆಲ್ಲೋ ಹೋಗಿರುತ್ತಿತ್ತು, ಬಾಯಿ ಮಾತ್ರ ಅಜ್ಜಿಯ ಮೊರದ ಮುಂದೆಯೇ ಉಳಿದು ತನ್ನ ಪಾಡಿಗೆ ಹೂಂ, ಹೂಂ ಅನ್ನುತ್ತಿತ್ತು. ಆ ಅಭ್ಯಾಸ ಆಮೇಲೂ ಬಿಡಲಿಲ್ಲ. ದುರ್ಗೇಶ್ ಹೆಣ್ಣು ನೋಡಲು ಬಂದಾಗಲೂ ಹೂಂ ಅಂದಿದ್ದಳು. ತಂಗಟೆಹಟ್ಟಿ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ ಎಂದು ಮೀಸಲಾತಿ ಪಟ್ಟಿ ಬಂದು, ಗಂಡ ನಾಮಪತ್ರ ತಂದು ಮುಂದೆ ಹಿಡಿದು “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ” ಎಂದು ಬೆರಳಿಟ್ಟಾಗಲೂ ಅಷ್ಟೇ. ಆನೆ ಬಂದಿತ್ತು. ಕೊರಳು ತನ್ನದೇ ಎಂದು ಅವಳಿಗೆ ಹಾರ ಬಿದ್ದ ಮೇಲೆ ಗೊತ್ತಾಯಿತು.

ಈಗ ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹನ್ನೊಂದು ಗಂಟೆಗೆ ಗ್ರಾಮಸಭೆ. ರಾಗಿ ಹಿಟ್ಟು ಸುರಿದು ಕೋಲು ತಿರುಗಿಸುತ್ತಿದ್ದ ಸುಮಿತ್ರಾಳಿಗೆ ತನ್ನ ಬಲಗೈಯನ್ನು ನೋಡಲು ಆಗುತ್ತಿರಲಿಲ್ಲ. ಒಂಬತ್ತು ದಿನದಿಂದ ಹೀಗೆಯೇ. ಊಟ ಮಾಡುವಾಗ, ತಲೆ ಬಾಚುವಾಗ, ಆ ಕೈ ಯಾರದೋ ಮನೆಯಿಂದ ತಂದು ವಾಪಸು ಕೊಡದೆ ಇಟ್ಟುಕೊಂಡ ಪಾತ್ರೆಯ ಹಾಗೆ ಕಾಣುತ್ತಿತ್ತು. ಒಂಬತ್ತು ದಿನದ ಹಿಂದೆ ಅವಳು ಪಂಚಾಯಿತಿ ಕಚೇರಿಗೆ ಒಬ್ಬಳೇ ಹೋಗಿದ್ದಳು. ಗಂಡನಿಲ್ಲದೆ ಅಲ್ಲಿಗೆ ಹೋಗಿದ್ದು ಅದೇ ಮೊದಲು. ಪಿಡಿಒ ಹನುಮಂತರಾಜು ಎದ್ದು ನಿಂತು, ಅವಳ ಬೆನ್ನ ಹಿಂದೆ ಬಾಗಿಲ ಕಡೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಕೂತಿದ್ದ. ಹೋದ ಗ್ರಾಮಸಭೆಯ ನಡಾವಳಿ ಪುಸ್ತಕ ಬೇಕು ಎಂದಳು. “ನಿಮಗ್ಯಾಕೆ ಮೇಡಂ ತೊಂದ್ರೆ, ಸಾರ್ ನೋಡಿದಾರಲ್ಲ” ಎಂದ. ಅವಳು ಹೂಂ ಅನ್ನಲಿಲ್ಲ, ನಿಂತೇ ಇದ್ದಳು. ಆಗ ಪುಸ್ತಕ ಬಂತು. ಪುಟ ತಿರುಗಿಸುತ್ತ ಹೋದರೆ ಒಂದು ಕಡೆ ತನ್ನ ಸಹಿ, ಸಹಿಯ ಪಕ್ಕ ಕಂದುಬಣ್ಣದ ಒಂದು ಬೆರಳ ಗುರುತು. ರಾಗಿ ಹಿಟ್ಟು. ಒಣಗಿ, ಕಾಗದ ಅಲ್ಲಿ ಸ್ವಲ್ಪ ಸುಕ್ಕಾಗಿತ್ತು.

ಆ ಗುರುತು ಬಿದ್ದ ಗಳಿಗೆ ಅವಳಿಗೆ ಪೂರ್ತಿ ನೆನಪಿತ್ತು. ಆರು ತಿಂಗಳ ಹಿಂದೆ, ಗ್ರಾಮಸಭೆ ಮುಗಿದ ದಿನ. ಊರಾಚೆಯ ಗೋಮಾಳದಲ್ಲಿ ಸೋಲಾರ್ ಕಂಪನಿ ಬರುತ್ತದೆ, ಮನೆಗೊಂದು ಕೆಲಸ, ಐಟಿಐ ಓದಿದವರಿಗೆ ಮೊದಲು ಎಂದು ದುರ್ಗೇಶ್ ಮೈಕಿನಲ್ಲಿ ಹೇಳಿದ್ದ. ಜನ ಚಪ್ಪಾಳೆ ಹೊಡೆದಿದ್ದರು. ಅವಳೂ ಹೊಡೆದಿದ್ದಳು. ಮನೆಗೆ ಬಂದು ಮುದ್ದೆಗೆ ಹಿಟ್ಟು ಹಾಕುವಾಗ ಬಿಲ್ ಕಲೆಕ್ಟರ್ ಶಿವು ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದ. “ಅಕ್ಕಾ, ಒಂದು ಸೈನು. ಬರಿಯೋದು ಆಮೇಲೆ ನಿಧಾನಕ್ಕೆ ಬರಿತಾರೆ.” ಹಾಳೆ ಖಾಲಿ ಇತ್ತು. ಯಾವಾಗಲೂ ಖಾಲಿಯೇ ಇರುತ್ತಿತ್ತು. ಕೈ ಒರೆಸಿಕೊಳ್ಳುವಷ್ಟು ಪುರುಸೊತ್ತು ಶಿವುಗೂ ಇರಲಿಲ್ಲ, ಅವಳಿಗೂ ಇರಲಿಲ್ಲ, ಮುದ್ದೆ ಗಂಟಾಗುತ್ತಿತ್ತು. ಹೂಂ ಎಂದು ಹಾಳೆಯ ಕೆಳಗಡೆ ಹೆಸರು ಬರೆದಿದ್ದಳು. ಬೆರಣಿ ತಟ್ಟುತ್ತಿದ್ದವಳು ಕೈ ತೊಳೆದುಕೊಂಡಳೋ ಇಲ್ಲವೋ ಎಂಬ ಪ್ರಶ್ನೆಗೆ ಆರು ತಿಂಗಳಾದ ಮೇಲೆ ಆ ಪುಸ್ತಕದಲ್ಲಿ ಉತ್ತರ ಸಿಕ್ಕಂತಾಗಿ ಅವಳು ಕಚೇರಿಯ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಖಾಲಿ ಜಾಗದಲ್ಲಿ ಈಗ ಮುದ್ದಾದ ದುಂಡಗಿನ ಅಕ್ಷರಗಳಿದ್ದವು. ಅವುಗಳಲ್ಲಿ ಕೆಲಸದ ಮಾತಿತ್ತು, ಅವಳು ಅಂದುಕೊಂಡ ಹಾಗಲ್ಲ.

“ಆ ನೀಲಿ ಸೀರೆ ಉಟ್ಕ. ಫೋಟೋದಾಗೆ ಚೆನ್ನಾಗಿ ಬರ್ತೈತೆ.” ದುರ್ಗೇಶ್ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅಡುಗೆಮನೆಗೆ ಬಂದ.

“ಹೂಂ.”

“ಸ್ವಾಗತ ಅಂತ ಎರಡು ಮಾತು ಹೇಳಿ ಕುಂತ್ಕ. ಆಮೇಲೆ ಪಿಡಿಒ ಹೋದ ಸಭೇದು ಓದಿದಂಗೆ ಭಾವಿಸಿ ಅಂತಾರೆ, ಜನ ಹೂಂ ಅಂತಾರೆ, ಮುಗೀತು. ಉಳಿದಿದ್ದು ನಾನು ನೋಡ್ಕಂತೀನಿ.”

ಪ್ರತಿ ಸಭೆಯ ಮೊದಲನೆಯ ವಿಷಯ ಅದೇ, ಹಿಂದಿನ ಸಭೆಯ ನಡಾವಳಿ ಓದಿ ಒಪ್ಪಿಗೆ ಪಡೆಯುವುದು. ಓದಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಓದಿದಂತೆ ಭಾವಿಸಿ ಎನ್ನುವುದು ಮಂಗಳಾರತಿಯ ಗಂಟೆಯ ಹಾಗೆ ಒಂದು ಸದ್ದು, ಅಷ್ಟೇ.

“ಓದಿದ್ರೆ ಏನಾಗ್ತೈತೆ?” ಎಂದಳು ಸುಮಿತ್ರಾ.

ಗುಂಡಿಯ ಮೇಲಿನ ಅವನ ಬೆರಳು ನಿಂತಿತು. “ಏನನ್ನ?”

“ಹೋದ ಸಲದ್ದು. ಆಡಿನ ದಿಲ್ಶಾದಮ್ಮಂಗೆ ಓದಿ ಹೇಳ್ತೀನಿ ಅಂದಿದೀನಿ.”

“ಯಾರನ್ನ ಕೇಳಿ ಅಂದೆ?”

ಅವಳು ಮುದ್ದೆಯನ್ನು ಇಳಿಸಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟತೊಡಗಿದಳು. ಬಿಸಿ ಅಂಗೈಗೆ ಹತ್ತಿದ್ದು ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಬಂದರೆ ಅದಕ್ಕೆ ಎಂದು ಹೇಳಬಹುದು.

“ನೋಡಿಲ್ಲಿ,” ಅವನ ದನಿ ಇಳಿಯಿತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ದನಿ. “ಕೆಲಸದ ಷರತ್ತು ಅಂದಿದ್ರೆ ಆ ಕಂಪನಿಯೋರು ಒಂದೇ ದಿನದಾಗೆ ಬ್ಯಾರೆ ಜಿಲ್ಲೆಗೆ ಹೋಗಿರೋರು. ನೂರು ಊರೋರು ಬರ್ರಿ ಬರ್ರಿ ಅಂತ ಕೈ ಮುಗ್ದು ನಿಂತವ್ರೆ. ಮೊದ್ಲು ಬರ್ಲಿ, ಬೇರು ಬಿಡ್ಲಿ. ಆಮೇಲೆ ಕೇಳಾಣ.”

“ಆಮೇಲೆ ಅಂದ್ರೆ?”

“ಆಮೇಲೆ ಅಂದ್ರೆ ಆಮೇಲೆ. ಒಂದು ಕಂಪನಿ ಎದ್ದು ಹೋದ್ರೆ ಏನಾಗ್ತೈತೆ ಅಂತ ನಿಂಗೇನು ಗೊತ್ತು? ನಂಗೊತ್ತು.”

ಅವಳಿಗೂ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ದುರ್ಗೇಶ್ ಹೊಳಲ್ಕೆರೆಯ ಕಡೆ ಒಂದು ಗಣಿಯಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದ. ಗಣಿ ಮುಚ್ಚಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಏಳು ಗಂಟೆಗೆ ತಲೆ ಬಾಚಿ, ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಡುತ್ತಿದ್ದ, ಸಂಜೆ ಬರುತ್ತಿದ್ದ. ಒಂದು ದಿನ ಅವಳು ಸಂಬಂಧಿಕರ ಮನೆಯ ನಾಮಕರಣಕ್ಕೆಂದು ಬಸ್ಸಿನಲ್ಲಿ ಹೋಗುವಾಗ ಹೊಳಲ್ಕೆರೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವನನ್ನು ಕಂಡಳು. ತೊಡೆಯ ಮೇಲೆ ಡಬ್ಬಿ. ಅವನು ತಿನ್ನುತ್ತಿದ್ದ ರೀತಿ, ಯಾರಾದರೂ ನೋಡುತ್ತಾರೆಂದು ಎಡಗೈಯನ್ನು ಮರೆ ಮಾಡಿಕೊಂಡು, ಒಂದೊಂದೇ ತುತ್ತನ್ನು ಬಹಳ ಹೊತ್ತು ಅಗಿಯುತ್ತ, ಅದು ಮುಗಿದರೆ ಆಮೇಲೆ ಏನು ಮಾಡುವುದೆಂದು ಗೊತ್ತಿಲ್ಲದವನ ಹಾಗೆ. ಅವಳು ಬಗ್ಗಿ ಕಿಟಕಿಯ ಕೆಳಗೆ ತಲೆ ಅಡಗಿಸಿಕೊಂಡಿದ್ದಳು. ಮಾರನೆಯ ದಿನವೂ ಡಬ್ಬಿ ಕಟ್ಟಿದಳು, ಅದರ ಮಾರನೆಯ ದಿನವೂ. ಪಲ್ಯ ಸ್ವಲ್ಪ ಜಾಸ್ತಿ ಹಾಕಿದಳು. ತಾನು ಕಂಡೆನೆಂದು ಇಂದಿಗೂ ಹೇಳಿಲ್ಲ. ಅಂಥ ಮನುಷ್ಯ ಒಂದು ಕಂಪನಿಯ ಮುಂದೆ ಷರತ್ತು ಇಡಲು ಹೆದರಿದ್ದರಲ್ಲಿ ಸುಳ್ಳಿರಲಿಲ್ಲ. ಆ ಹೆದರಿಕೆಗೆ ಕೂಲಿಯಾಗಿ ಅವನಿಗೇ ಕಂಪನಿಯ ಬಯಲಿನ ಹುಲ್ಲು ಕೀಳಿಸುವ ಗುತ್ತಿಗೆ ಸಿಕ್ಕಿತ್ತು, ಅದೂ ಸುಳ್ಳಲ್ಲ. ಹಾಲ್‌ನಲ್ಲಿ ಹೊಸ ಫ್ರಿಡ್ಜು ತನ್ನಷ್ಟಕ್ಕೆ ಗೊಣಗುತ್ತಿತ್ತು. ಅದರೊಳಗಿನ ತಣ್ಣೀರನ್ನು ಅವಳೂ ಕುಡಿದಿದ್ದಳು.

“ಊಟ ಮಾಡ್ರಿ,” ಎಂದು ತಟ್ಟೆ ಇಟ್ಟಳು.

“ನೀನು ಓದಲ್ಲ ಅಲ್ವಾ?”

ಮೊದಲ ಸಲ ಅವಳು ಹೂಂ ಅನ್ನುವುದೋ ಉಹೂಂ ಅನ್ನುವುದೋ ತಿಳಿಯದೆ, ಎರಡನ್ನೂ ನುಂಗಿ, ಸಾರು ಬಡಿಸಿದಳು.

ಶಾಲೆಗೆ ಹೋಗುವ ದಾರಿ ಗೋಮಾಳದ ಪಕ್ಕದಲ್ಲೇ. ದುರ್ಗೇಶ್ ಬೈಕಿನಲ್ಲಿ ಮುಂದೆ ಹೋಗಿದ್ದ, ಶಾಮಿಯಾನದವನ ಜೊತೆ ಜಗಳವಿತ್ತು. ಅವಳು ನಡೆದಳು. ತಂತಿಬೇಲಿಯ ಆಚೆ ಕಪ್ಪು ಹಲಗೆಗಳು ಸಾಲುಸಾಲಾಗಿ ಒಂದೇ ಕಡೆ ಮುಖ ಮಾಡಿ ಕೂತಿದ್ದವು. ಅವುಗಳಲ್ಲಿ ಆಕಾಶ ಚೂರುಚೂರಾಗಿ ಬಿದ್ದಿತ್ತು, ಯಾರೋ ಅದನ್ನು ಅಳತೆಗೆ ಕತ್ತರಿಸಿ ಮೊಳೆ ಹೊಡೆದಿಟ್ಟಂತೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಷ್ಟೊಂದು ಬಿಸಿಲು, ಇಷ್ಟೊಂದು ಗಾಳಿ, ಎಲ್ಲವೂ ಎಲ್ಲಿಗೋ ಕೆಲಸಕ್ಕೆ ಹೋಗುತ್ತಿತ್ತು, ಊರಿನ ಮಕ್ಕಳು ಮಾತ್ರ ಅರಳಿಕಟ್ಟೆಯ ಮೇಲೆ ಕೂತು ಮೊಬೈಲು ಒತ್ತುತ್ತಿದ್ದರು. ಇಡೀ ಬಯಲಿಗೆ ನಾಲ್ಕು ಜನ ಕಾವಲಿನವರು, ಅವರೂ ಬೇರೆ ಕಡೆಯಿಂದ ಬಂದವರು. ಬೇಲಿಯ ಗುಂಟ ದಿಲ್ಶಾದ್ ಬೇಗಂಳ ಆಡುಗಳು ಕತ್ತು ತೂರಿಸಿ ಒಳಗಿನ ಹುಲ್ಲಿಗೆ ನಾಲಿಗೆ ಚಾಚುತ್ತಿದ್ದವು. ತಂತಿ ಒತ್ತಿ ಒತ್ತಿ ಒಂದು ಆಡಿನ ಕತ್ತಿನ ಕೂದಲು ಉದುರಿ ಪಟ್ಟಿಯಂಥ ಗುರುತು ಬಿದ್ದಿತ್ತು. ಕೊರಳ ಹಾರ, ಎಂದುಕೊಂಡಳು. ತಕ್ಷಣ ತನ್ನ ಈ ಕಥೆ ಕಟ್ಟುವ ಚಾಳಿಗೆ ತಾನೇ ನಾಚಿದಳು. ಅದು ಗಾಯ, ಅಷ್ಟೇ.

ದಿಲ್ಶಾದ್ ಬೇಗಂ ಅವಳ ಮನೆಗೆ ಬಂದಿದ್ದು ಹದಿನೈದು ದಿನದ ಹಿಂದೆ. ಅವಳ ಗಂಡ ಮಹಮ್ಮದ್ ಗೌಸ್ ಹಿರಿಯೂರಿನ ಸಂತೆಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು, ಸ್ಟೀಲು ಬಂದ ಮೇಲೆ ಕಲಾಯಿ ಯಾರಿಗೂ ಬೇಡವಾಯಿತು. ಮಗಳು ಅಂಬ್ರೀನ್ ಹಿರಿಯೂರಿನಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಓದಿದ್ದಳು, ಇಡೀ ತರಗತಿಯಲ್ಲಿ ಹುಡುಗಿ ಅಂದರೆ ಅವಳೊಬ್ಬಳೇ. ಅವಳ ಫೀಜಿಗೆಂದು ಮಾರಿದ ಆಡುಗಳನ್ನು ಬಿಟ್ಟು ಉಳಿದವು ಈ ಎಂಟು. ಅಂಬ್ರೀನ್ ಸರ್ಟಿಫಿಕೇಟು ಹಿಡಿದು ಕಂಪನಿಯ ಗೇಟಿಗೆ ಹೋದರೆ ಅಲ್ಲಿಯ ಸೂಪರ್‌ವೈಸರ್ ನಗುತ್ತಲೇ ಹೇಳಿದನಂತೆ, “ಊರವರನ್ನ ತಗೊಳ್ಳಿ ಅಂತ ನಿಮ್ಮ ಪಂಚಾಯ್ತಿನೇ ಕೇಳಿಲ್ವಲ್ಲಮ್ಮ.”

“ಅವ್ನು ಸುಳ್ಳು ಹೇಳ್ತಾನಾ, ನಿನ್ ಗಂಡ ಸುಳ್ಳು ಹೇಳ್ದನಾ, ಅದು ಹೇಳು ಬೇಟಿ,” ಎಂದಿದ್ದಳು ದಿಲ್ಶಾದ್, ಬಾಗಿಲಲ್ಲೇ ನಿಂತು, ಒಳಗೆ ಬರದೆ.

“ಪುಸ್ತಕದಾಗೆ ಐತೆ ದಿಲ್ಶಾದಮ್ಮ. ನಾನೇ ಸಹಿ ಹಾಕಿದೀನಿ.” ಎಷ್ಟು ಧೈರ್ಯವಾಗಿ ಹೇಳಿದ್ದಳು!

“ನೀನು ಓದಿದ್ಯಾ?”

“ಓದ್ತೀನಿ. ಸಭೆಯಾಗೆ ಎಲ್ಲರ ಮುಂದೆ ಓದ್ತೀನಿ.”

“ನೋಡವ್ವ. ಓದಿಲ್ಲ ಅಂದ್ರೆ ನಾನು ಜಗಳ ಮಾಡಲ್ಲ. ನಿನ್ ಬಾಗಿಲಿಗೆ ಬರಾದಿಲ್ಲ ಅಷ್ಟೇ.” ಹೋಗುವಾಗ ಫ್ರಿಡ್ಜಿನ ಕಡೆ ಒಂದು ಸಲ ನೋಡಿದ್ದಳು. ನೋಡಿದಳೋ, ಇಲ್ಲ ಸುಮಿತ್ರಾಳಿಗೆ ಹಾಗೆ ಅನಿಸಿತೋ.

ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಶಾಮಿಯಾನ ಎದ್ದಿತ್ತು. ಮುಂದೆ ಟೇಬಲ್ಲು, ಮೂರು ಕುರ್ಚಿ, ನಡುವಿನದಕ್ಕೆ ಬಿಳಿ ಟವೆಲು. ಟವೆಲ್ಲಿನ ಕುರ್ಚಿ ಅವಳದು. ಪಕ್ಕದ್ದು ದುರ್ಗೇಶನದು, ಯಾವ ಕಾನೂನಿನಲ್ಲೂ ಇಲ್ಲದ ಕುರ್ಚಿ. “ಅಧ್ಯಕ್ಷರು ಬಂದ್ರಾ?” ಎಂದು ಯಾರೋ ಕೇಳಿದರು. “ಆಗ್ಲೇ ಬಂದವ್ರೆ, ಮೈಕ್ ಹತ್ರ ಅವ್ರೆ ನೋಡು” ಎಂದು ಇನ್ಯಾರೋ ಅವಳನ್ನು ದಾಟಿಕೊಂಡೇ ಹೋದರು. ಇದು ಅವಳಿಗೆ ಹೊಸದಲ್ಲ. ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಸಭೆಗೆ ಹೋದಾಗ ಬಾಗಿಲಲ್ಲಿದ್ದವನು ದುರ್ಗೇಶನಿಗೆ ಸಲ್ಯೂಟ್ ಹೊಡೆದು, ಅವಳಿಗೆ ಕೈ ಅಡ್ಡ ಹಿಡಿದಿದ್ದ. “ಅಮ್ಮಾ, ಅಧ್ಯಕ್ಷರ ಮನೆಯವರಿಗೆ ಹೊರಗಡೆ ಕುರ್ಚಿ ಹಾಕಿದೀವಿ.” ದುರ್ಗೇಶ್ ಅದನ್ನು ಬಸ್ಸಿನುದ್ದಕ್ಕೂ ಹೇಳಿಕೊಂಡು ನಕ್ಕಿದ್ದ. ಅವಳೂ ನಕ್ಕಿದ್ದಳು. ನಗುವಾಗ ಕಿಟಕಿಯಲ್ಲಿ ಕೋಟೆಯ ಬಂಡೆಗಳು ಒಂದರ ಮೇಲೊಂದು ಬಾಯಿ ಮುಚ್ಚಿಕೊಂಡು ಕೂತಿರುವುದನ್ನು ಕಂಡು, ಈ ಕಲ್ಲುಗಳೂ ಯಾರಿಗೋ ಹೂಂ ಅಂದು ಹೀಗಾಗಿರಬೇಕು ಎಂದುಕೊಂಡಿದ್ದಳು.

ನೂರು ಜನ ಇದ್ದಿರಬಹುದು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಜಮಖಾನೆಯ ಮೇಲೆ. ಮುಂದಿನ ಸಾಲಿನಲ್ಲಿ ಮುದುಕ ಸಣ್ಣತಿಮ್ಮಪ್ಪ, ಕುರಿ ಕಾಯ್ದು ಮುಪ್ಪಾದವನು, ಕೋಲಿನ ಮೇಲೆ ಗದ್ದ ಊರಿ ಕೂತಿದ್ದ. ಹೆಂಗಸರ ನಡುವೆ ದಿಲ್ಶಾದ್, ಪಕ್ಕದಲ್ಲಿ ಅಂಬ್ರೀನ್. ದಿಲ್ಶಾದ್ ಸುಮಿತ್ರಾಳನ್ನು ನೋಡುತ್ತಿರಲಿಲ್ಲ. ನೆನಪಿಸಲು ಕೈಯನ್ನೂ ಎತ್ತಲಿಲ್ಲ. ಸೆರಗಿನ ಅಂಚಿನ ಒಂದು ದಾರವನ್ನು ಎಳೆಯುತ್ತ ಕೂತಿದ್ದಳು.

ಸ್ವಾಗತ ಎಂದು ಎರಡು ಮಾತು ಹೇಳಿ ಸುಮಿತ್ರಾ ಕೂತಳು. ಹನುಮಂತರಾಜು ಮೈಕನ್ನು ತನ್ನ ಕಡೆ ಎಳೆದುಕೊಂಡ. ಅವನ ಮುಂದೆ ಎರಡು ಪುಸ್ತಕಗಳಿದ್ದವು, ಒಂದು ಹಳೆಯದು, ಒಂದು ಇವತ್ತಿನದು. ಇವತ್ತಿನದರಲ್ಲಿ ಮೊದಲ ಸಾಲು ಆಗಲೇ ಬರೆದಾಗಿತ್ತು, ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು.

“ಮೊದಲನೇ ವಿಷಯ. ಹಿಂದಿನ ಸಭೆಯ ನಡಾವಳಿಯನ್ನು ಓದಿದಂತೆ ಭಾವಿಸಿ—”

“ಹೂಂ,” ಎಂದರು ಜನ. ಕೆಲವರು ಮೊಬೈಲಿನಿಂದ ತಲೆ ಎತ್ತದೆ, ಕೆಲವರು ಆಕಳಿಸುತ್ತ. ಇಷ್ಟು ದಿನ ಆ ಹೂಂನಲ್ಲಿ ತನ್ನದೂ ಒಂದಿರುತ್ತಿತ್ತು. ಈಗ ಟೇಬಲ್ಲಿನ ಈ ಕಡೆಯಿಂದ ಕೇಳಿದಾಗ ಅದು ಬೇರೆಯೇ ಆಗಿ ಕೇಳಿಸಿತು. ಅಜ್ಜಿ ಕಥೆಯನ್ನೇ ಹೇಳದೆ, ಬರಿಯ ಹೂಂ ಇಸಿದುಕೊಂಡು ಎದ್ದುಹೋದಂತೆ. ದಿಲ್ಶಾದ್ ಎಳೆಯುತ್ತಿದ್ದ ದಾರ ಕಿತ್ತು ಬಂತು. ಅವಳು ಅದನ್ನು ನೆಲಕ್ಕೆ ಬಿಟ್ಟು, ಏಳಲು ಮಗಳ ಹೆಗಲಿಗೆ ಕೈ ಹಾಕಿದಳು.

“ಓದ್ತೀನಿ,” ಎಂದಳು ಸುಮಿತ್ರಾ.

ತಾನು ಎದ್ದು ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾಗಿದ್ದು ಟವೆಲು ಕಾಲ ಮೇಲೆ ಜಾರಿ ಬಿದ್ದಾಗ.

“ಮೇಡಂ, ವಿಷಯ ಹನ್ನೆರಡಿದಾವೆ, ಟೈಮಾಗ್ತದೆ,” ಹನುಮಂತರಾಜು ಮೈಕಿಗೆ ಅಂಗೈ ಮುಚ್ಚಿ ನಕ್ಕ. “ಓದಿದ್ರೆ ಒಪ್ಪಿಗೆ ಇದೆಯಾ ಅಂತ ಜನರನ್ನ ಕೇಳ್ಬೇಕಾಗ್ತದೆ.”

“ಕೇಳಾಣ.”

“ಲೇ, ಕುಂತ್ಕ,” ದುರ್ಗೇಶ್ ತುಟಿ ಅಲ್ಲಾಡಿಸದೆ ಅಂದ. ಅವನ ಕೈ ಟೇಬಲ್ಲಿನ ಕೆಳಗೆ ಅವಳ ಸೆರಗು ಹಿಡಿದಿತ್ತು. ಎಳೆಯಲಿಲ್ಲ, ಹಿಡಿದಿತ್ತು ಅಷ್ಟೇ, ಜಾತ್ರೆಯಲ್ಲಿ ಮಕ್ಕಳು ಹಿಡಿದುಕೊಳ್ಳುವ ಹಾಗೆ. ಆ ಹಿಡಿತ ಅವಳನ್ನು ಹೆಚ್ಚುಕಡಿಮೆ ಕೂರಿಸಿಯೇ ಬಿಟ್ಟಿತ್ತು. ಅವಳು ಹಳೆಯ ಪುಸ್ತಕವನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡು ರಾಗಿಯ ಗುರುತಿನ ಪುಟ ತೆರೆದಳು. ಬೆರಳು ತಾನಾಗಿ ಅಲ್ಲಿಗೆ ಹೋಯಿತು.

“ವಿಷಯ ಸಂಖ್ಯೆ ನಾಲ್ಕು. ಗ್ರಾಮದ ಗೋಮಾಳದಲ್ಲಿ ಸೌರ ವಿದ್ಯುತ್ ಘಟಕ ಸ್ಥಾಪಿಸುವ ಬಗ್ಗೆ.”

ಮೈಕು ಕೊರ್ ಎಂದು ಸತ್ತಿತು. ಯಾರು ವೈರು ಕಿತ್ತರೋ ಅವಳು ನೋಡಲಿಲ್ಲ.

“ಕೇಳ್ಸವಲ್ದು, ಜೋರಾಗಿ ಓದವ್ವ,” ಎಂದ ಸಣ್ಣತಿಮ್ಮಪ್ಪ.

ಅವಳು ಮತ್ತೆ ಮೊದಲಿನಿಂದ ಓದಿದಳು. ದನಿ ನಡುಗಿತು, ಶಾಲೆಯಲ್ಲಿ ಪಾಠ ಓದಲು ನಿಲ್ಲಿಸಿದಾಗ ನಡುಗುತ್ತಿದ್ದ ಹಾಗೆಯೇ. “ಸ್ಥಾಪಿಸುವ ಬಗ್ಗೆ.”

“ಹೂಂ,” ಎಂದ ಮುದುಕ. ಇದು ಮೊದಲಿನ ಹೂಂ ಅಲ್ಲ. ಮುಂದೆ ಹೇಳು ಎನ್ನುವ ಹೂಂ. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಅವಳಿಗೆ ಉಸಿರು ಬಂತು.

“ಸದರಿ ವಿಷಯವನ್ನು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಲಾಗಿ—”

“ಹೂಂ.” ಈಗ ಹೆಂಗಸರ ಕಡೆಯಿಂದಲೂ ಎರಡು ದನಿ.

“ಗ್ರಾಮಸ್ಥರ ಯಾವುದೇ ತಕರಾರು ಇಲ್ಲದಿರುವುದರಿಂದಲೂ—”

“ಹೂಂ?”

“ಸ್ಥಳೀಯರಿಗೆ ಉದ್ಯೋಗ ನೀಡುವುದೂ ಸೇರಿದಂತೆ, ಯಾವುದೇ ಷರತ್ತನ್ನು ವಿಧಿಸದೆ—”

ಹೂಂ ಬರಲಿಲ್ಲ. ಬೇವಿನ ಮರದಲ್ಲಿ ಒಂದು ಅಳಿಲು ಕಿಚಕಿಚ ಅನ್ನುತ್ತಿತ್ತು. ಹೂಂ ನಿಂತರೆ ಕಥೆ ನಿಲ್ಲಬೇಕು. ಅವಳ ನಾಲಿಗೆ ನಿಂತೂ ಬಿಟ್ಟಿತು. ಮುಂದೆ ಎರಡೇ ಸಾಲು, ಅದರಲ್ಲಿ ತನ್ನ ಹೆಸರು. ಇಲ್ಲಿಗೇ ನಿಲ್ಲಿಸಿದರೆ ತಪ್ಪು ಯಾರದೋ ಆಗುತ್ತದೆ, ಬರೆದವರದು, ಮೈಕಿನಲ್ಲಿ ಹೇಳಿದವರದು, ಬಂದ ಕಂಪನಿಯದು. ತಾನು ಪಾಪದ ಹೆಣ್ಣುಮಗಳಾಗಿ ಉಳಿಯಬಹುದು. ಸೆರಗಿನ ಮೇಲಿದ್ದ ಕೈ ಸಡಿಲವಾಯಿತು.

“ನಿರಾಕ್ಷೇಪಣಾ ಪತ್ರ ನೀಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು,” ಎಂದು ಯಾರ ಹೂಂಗೂ ಕಾಯದೆ ಓದಿದಳು. “ಸೂಚಕರು, ಶ್ರೀಮತಿ ಸುಮಿತ್ರಾ, ಅಧ್ಯಕ್ಷರು. ಸಹಿ.” ಅಲ್ಲಿಗೆ ಅಕ್ಷರ ಮುಗಿದಿತ್ತು. ಅವಳು ಪುಸ್ತಕವನ್ನು ಜನರ ಕಡೆ ತಿರುಗಿಸಿ ಹಿಡಿದಳು. “ಸಹಿ ನಂದೇ. ಹಾಕ್ದಾಗ ಹಾಳೆ ಖಾಲಿ ಇತ್ತು. ಇಲ್ಲಿ ಹಿಟ್ಟಿನ ಕೈಯಿ ಹತ್ತೈತೆ, ನೋಡ್ರಿ.”

ಮುಂದಿನ ಸಾಲಿನವರು ಪುಸ್ತಕದ ಕಡೆ ಬಗ್ಗಿ ನೋಡಿದರು.

“ಖಾಲಿ ಹಾಳೆಗಾ ಅಕ್ಕಾ?” ಎಂದಳು ಅಂಬ್ರೀನ್. ಸಿಟ್ಟಿನಿಂದಲ್ಲ, ನಂಬಲಾಗದೆ. “ನಮ್ಗೆ ಐಟಿಐನಾಗೆ ಒಂದು ಫ್ಯೂಸ್ ತಗಿಬೇಕಂದ್ರೂ ಮೊದ್ಲು ಓದಿ ಸೈನ್ ಹಾಕು ಅಂತಾರೆ.” ಯಾರೋ ನಕ್ಕರು. ಆ ನಗುವಿನಿಂದ ಕಟ್ಟೆ ಒಡೆದಂತಾಗಿ ಎಲ್ಲರೂ ಒಟ್ಟಿಗೆ ಎದ್ದರು. “ಮನೆಗೊಂದು ಕೆಲಸ ಅಂದಿದ್ರಲ್ರೀ ದುರ್ಗೇಶಣ್ಣ!” “ಸರ್ವಾನುಮತ ಅಂತೆ, ನನ್ ಮತ ಯಾವಾಗ ಕೊಟ್ನಪ್ಪ?” “ಹುಲ್ಲಿನ ಕಂಟ್ರಾಕ್ಟು ಮಾತ್ರ ಷರತ್ತಿಲ್ಲದೆ ಸಿಗ್ತಲ್ಲ!” “ಓದಿದ್ದಕ್ಕೆ ಒಪ್ಪಿಗೆ ಕೇಳ್ರಿ ಪಿಡಿಒ ಸಾಹೇಬ್ರೆ, ಒಪ್ಪಿಗೆ ಕೇಳ್ರಿ, ನಾವೂ ನೋಡಾಣ!” ಸಣ್ಣತಿಮ್ಮಪ್ಪ ಕೋಲಿನಿಂದ ನೆಲ ಕುಟ್ಟುತ್ತಿದ್ದ.

ದುರ್ಗೇಶ್ ಎದ್ದ. ಏನೋ ಹೇಳಲು ಬಾಯಿ ತೆರೆದ, ಮೈಕಿನ ಕಡೆ ಕೈ ಚಾಚಿದ, ಅದು ಸತ್ತಿತ್ತು. ಅವಳ ಮುಖ ನೋಡಿದ. “ಮನೆಗ್ಬಾ, ಮಾತಾಡಾಣ,” ಎಂದ. ಬೆದರಿಕೆಯೋ ಬೇಡಿಕೆಯೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಬೈಕಿನ ತನಕ ಹೋಗಲಾರದೆ ಶಾಲೆಯ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಿಳಿ ಅಂಗಿ, ತೊಡೆಯ ಮೇಲೆ ಎರಡು ಕೈ. ಡಬ್ಬಿಯೊಂದಿರಲಿಲ್ಲ. ಸುಮಿತ್ರಾ ಈ ಸಲ ತಲೆ ಬಗ್ಗಿಸಲಿಲ್ಲ. ಕಣ್ಣು ಉರಿಯುವವರೆಗೆ ಅವನನ್ನೇ ನೋಡಿದಳು. ಅವನೂ ನೋಡಿದ. ತಾನು ಅಂದು ಬಸ್ಸಿನಲ್ಲಿದ್ದೆ ಎಂದು ಇವತ್ತು ಹೇಳಬೇಕು, ಅದನ್ನೂ ಓದಿ ಹೇಳಬೇಕು, ಎಂದುಕೊಂಡಳು.

ದಿಲ್ಶಾದ್ ಟೇಬಲ್ಲಿನ ಹತ್ತಿರ ಬಂದು ನಿಂತಿದ್ದಳು. ಪುಸ್ತಕದ ಮೇಲೆ ಬಗ್ಗಿ, ಓದಲು ಬಾರದಿದ್ದರೂ, ಆ ಕಂದು ಗುರುತನ್ನು ಬಹಳ ಹೊತ್ತು ನೋಡಿದಳು. ಸುಮಿತ್ರಾ ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದಾಳೆಂದು ಅವಳಿಗೆ ಗೊತ್ತಾಗಿರಬೇಕು. ಕೊಡಲಿಲ್ಲ.

“ಓದ್ತೀನಿ ಅಂದಿದ್ದೆ, ಓದ್ದೆ,” ಎಂದಳು. “ನನ್ ಮಗಳ ಕೆಲ್ಸದ ಮಾತು ಇನ್ನೂ ಹಂಗೇ ಐತೆ. ಅದುಕ್ಕೆ ನಾಳೆ ನಿನ್ ಬಾಗಿಲಿಗೆ ಬರ್ತೀನಿ.” ಹೋಗಿ ಮತ್ತೆ ತನ್ನ ಜಾಗದಲ್ಲಿ ಕೂತಳು.

ಹನುಮಂತರಾಜು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಇವತ್ತಿನ ಪುಸ್ತಕವನ್ನು ಮೆಲ್ಲಗೆ ಮುಚ್ಚಲು ಹೋದವನ ಕೈಯನ್ನು ಅವಳು ತಡೆದಳು.

“ಮೊದಲನೇ ಸಾಲು ಓದ್ರಿ.”

ಅವನು ಗೊಣಗಿದ. “ಹಿಂದಿನ ಸಭೆಯ ನಡಾವಳಿಯನ್ನು ಓದಿದಂತೆ ಭಾವಿಸಿ, ಸರ್ವಾನುಮತದಿಂದ ಒಪ್ಪಲಾಯಿತು.”

“ಹೊಡೆದು ಹಾಕ್ರಿ.”

“ಮೇಡಂ, ಹಂಗೆ ಹೊಡೆದು ಹಾಕಿದ್ರೆ ಪಕ್ಕದಲ್ಲಿ ನಿಮ್ಮ ಸಹಿ ಬೇಕಾಗ್ತದೆ.”

“ಹೊಡೆದು ಹಾಕ್ರಿ. ಅಧ್ಯಕ್ಷರು ಓದಿದ್ರು ಅಂತ ಬರೀರಿ. ಸಭೆ ಒಪ್ಪಲಿಲ್ಲ ಅಂತ ಬರೀರಿ.”

ಅವನು ಜನರನ್ನು ನೋಡಿದ, ಜಗಲಿಯ ಮೆಟ್ಟಿಲನ್ನು ನೋಡಿದ, ಅಲ್ಲಿಂದ ಯಾವ ಸನ್ನೆಯೂ ಬರಲಿಲ್ಲ. ಪೆನ್ನಿನಿಂದ ಆ ಸಾಲಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ. ಅದರ ಕೆಳಗೆ ಬರೆಯತೊಡಗಿದ. ಒಂದೊಂದು ಅಕ್ಷರ ಬೀಳುವುದನ್ನೂ ಅವಳು ಬಗ್ಗಿ ನೋಡುತ್ತಿದ್ದಳು. ಬರೆದು ಮುಗಿಸಿ, ಪೆನ್ನನ್ನು ಅವಳ ಕಡೆ ಚಾಚಿದ.

ಅವಳು ತಕ್ಷಣ ಹಿಡಿಯಲಿಲ್ಲ. ಬಲಗೈಯನ್ನು ಸೀರೆಗೆ ಒರೆಸಿಕೊಂಡಳು, ಹಿಂದೆ, ಮುಂದೆ, ಬೆರಳ ಸಂದಿಗಳಲ್ಲಿ. ಆಮೇಲೆ ಆ ಎರಡು ಸಾಲುಗಳನ್ನು ಜಮಖಾನೆಯ ಕೊನೆಯ ತನಕ ಕೇಳುವಂತೆ ಗಟ್ಟಿಯಾಗಿ ಓದಿದಳು. ಸಣ್ಣತಿಮ್ಮಪ್ಪ ಹೂಂ ಎಂದ. ಆಗ ಸಹಿ ಹಾಕಿದಳು.